ಬ್ರಹ್ಮಗಿರಿಯಿಂದ ಹಳ್ಳೂರಿಗೆ: ಮಡಕೆಯ ಚೂರುಗಳು ಕಟ್ಟಿದ ಕಾಲಗಣನೆ

ಶಿವಮೊಗ್ಗದಿಂದ ಶಿಕಾರಿಪುರಕ್ಕೆ ಹೋಗುವ ದಾರಿಯಲ್ಲಿರುವ ಸವಳಂಗ, ಮಲೆನಾಡಿನ ಕಾಡು ತೆಳುವಾಗುತ್ತ ಬಯಲುಸೀಮೆಯ ಹೊಲಗಳಿಗೆ ದಾರಿ ಬಿಟ್ಟುಕೊಡುವ ಅಂಚಿನ ಊರು. ಅದರ ಪೂರ್ವಕ್ಕೆ, ಕೂಡಲಿಯಲ್ಲಿ ಒಂದಾದ ತುಂಗೆ ಮತ್ತು ಭದ್ರೆಗಳು ಹೊನ್ನಾಳಿಯನ್ನು ಹಾದು ಹರಿಹರದ ಕಡೆಗೆ ಉತ್ತರಾಭಿಮುಖವಾಗಿ ಹರಿಯುತ್ತವೆ. ನ್ಯಾಮತಿ, ಹೊನ್ನಾಳಿ, ಚನ್ನಗಿರಿ ಸೀಮೆಗಳು ಇಂದು ದಾವಣಗೆರೆ ಜಿಲ್ಲೆಗೂ, ಹಿರೇಕೆರೂರು ಸೀಮೆ ಹಾವೇರಿ ಜಿಲ್ಲೆಗೂ ಸೇರಿವೆಯಾದರೂ, ಇತಿಹಾಸಪೂರ್ವ ಕಾಲದ ಮಟ್ಟಿಗೆ ಇವೆಲ್ಲ ಒಂದೇ ನದೀಕಣಿವೆಯ ನೆಲ. ಕರ್ನಾಟಕದ ಇತಿಹಾಸಪೂರ್ವ ಕಾಲಗಣನೆಯನ್ನು ಕಟ್ಟಿದ ಮತ್ತು ಕಟ್ಟಿದ್ದನ್ನು ಕೆಡವಿ ಮತ್ತೆ ಕಟ್ಟಿದ ಎರಡು ನೆಲೆಗಳ ನಡುವೆ ಈ ಸೀಮೆ ಹರಡಿದೆ. ಒಂದು ಕಡೆ, ಜಗಳೂರಿನಿಂದಲೂ ಮುಂದೆ ಈಶಾನ್ಯಕ್ಕೆ, ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ. ಇನ್ನೊಂದು ಕಡೆ, ಹೊನ್ನಾಳಿಗೆ ಉತ್ತರದಲ್ಲಿ, ತುಂಗಭದ್ರೆಯ ಎಡದಂಡೆಯ ಹಳ್ಳೂರು. ಎರಡು ಕಡೆಯೂ ಒಂದೇ ಜಾಗದಲ್ಲಿ ನೂರಾರು ವರ್ಷ ಜನ ವಾಸಿಸಿದ್ದರಿಂದ ಮನೆ ಬಿದ್ದ ಮಣ್ಣು, ಬೂದಿ, ಎಲುಬು, ಕಸ ಒಂದರ ಮೇಲೊಂದು ಕುಳಿತು ದಿಬ್ಬವಾಯಿತು; ಆ ದಿಬ್ಬದ ಪದರಗಳನ್ನು ಓದುವುದಕ್ಕೆ ವಿದ್ವಾಂಸರು ಮುಖ್ಯವಾಗಿ ನೆಚ್ಚಿಕೊಂಡದ್ದು ಅದರಲ್ಲಿ ಹೇರಳವಾಗಿ ಸಿಕ್ಕ ಬೋಕಿ ಚೂರುಗಳನ್ನು.

ಮಡಕೆಯೇ ಏಕೆ ಎಂಬ ಪ್ರಶ್ನೆಗೆ ಉತ್ತರ ಅದರ ದೌರ್ಬಲ್ಯದಲ್ಲಿಯೂ ಬಾಳಿಕೆಯಲ್ಲಿಯೂ ಇದೆ. ಮಡಕೆ ಬೇಗ ಒಡೆಯುತ್ತದೆ, ಒಡೆದದ್ದನ್ನು ಯಾರೂ ಎತ್ತಿಡುವುದಿಲ್ಲ, ಆದರೆ ಸುಟ್ಟ ಮಣ್ಣು ಕೊಳೆಯುವುದೂ ಇಲ್ಲ. ಕಬ್ಬಿಣ ತುಕ್ಕು ಹಿಡಿದು ಹೋಗುವ, ತಾಮ್ರ ಕರಗಿಸಿ ಮತ್ತೆ ಬಳಕೆಗೆ ಸಿಗುವ, ಮರ ಮತ್ತು ಬಟ್ಟೆ ಹೇಳಹೆಸರಿಲ್ಲದೆ ಅಳಿಯುವ ನೆಲದಲ್ಲಿ ಬೋಕಿ ಬಿದ್ದಲ್ಲಿಯೇ ಉಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಜೇಡಿಯನ್ನು ಹದಗೊಳಿಸುವ ಬಗೆ, ಕೈಯಿಂದ ಕಟ್ಟುವುದು ಅಥವಾ ತಿಗರಿಯ ಮೇಲೆ ಎತ್ತುವುದು, ಮೈ ಉಜ್ಜಿ ಹೊಳಪು ತರುವುದು, ಕಂಠ ಮತ್ತು ತುಟಿಯ ಆಕಾರ, ಸುಡುವ ವಿಧಾನ, ಇವೆಲ್ಲ ಒಂದು ಸಮುದಾಯದಲ್ಲಿ ತಲೆಮಾರಿನಿಂದ ತಲೆಮಾರಿಗೆ ಹರಿದುಬರುವ ರೂಢಿಗಳಾದ್ದರಿಂದ ಒಂದು ಕಾಲದ ಚೂರುಗಳು ತಮ್ಮ ತಮ್ಮಲ್ಲಿ ಹೋಲುತ್ತವೆ, ಮತ್ತೊಂದು ಕಾಲದವುಗಳಿಂದ ಬೇರೆಯಾಗುತ್ತವೆ. ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು ಎಂಬ ಸ್ತರವಿನ್ಯಾಸದ ಸರಳ ನಿಯಮವನ್ನು ಈ ಹೋಲಿಕೆ-ವ್ಯತ್ಯಾಸಗಳೊಂದಿಗೆ ಸೇರಿಸಿದಾಗ, ಬರಹವಿಲ್ಲದ ಕಾಲಕ್ಕೂ ಒಂದು ಅನುಕ್ರಮ ಸಿಗುತ್ತದೆ. ಆದರೆ ಆ ಅನುಕ್ರಮ ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನಷ್ಟೇ ಹೇಳುತ್ತದೆ. ಎಷ್ಟು ವರ್ಷ ಮೊದಲು, ಯಾವ ಜನ, ಎಂಬುದನ್ನು ಹೇಳುವುದಿಲ್ಲ. ಕರ್ನಾಟಕದ ಇತಿಹಾಸಪೂರ್ವ ಸಂಶೋಧನೆಯಲ್ಲಿ ನಡೆದ ದೊಡ್ಡ ತಪ್ಪುಗಳೂ ದೊಡ್ಡ ತಿದ್ದುಪಡಿಗಳೂ ಈ ವ್ಯತ್ಯಾಸವನ್ನು ಮರೆತದ್ದರಿಂದ ಅಥವಾ ನೆನೆದದ್ದರಿಂದ ಆದವು.

ಈ ಭಾಗದ ಶಿಲಾಯುಗದ ಆಯುಧಗಳನ್ನೂ ಮಡಕೆಗಳನ್ನೂ ಮೊದಲಿಗೆ ವ್ಯವಸ್ಥಿತವಾಗಿ ಕೂಡಿಹಾಕಿದವನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ಬಳ್ಳಾರಿ ಸೀಮೆಯ ಗುಡ್ಡಗಳಲ್ಲಿ, ಮುಂದೆ ಮೈಸೂರು ಸಂಸ್ಥಾನದಲ್ಲಿ ಆತ ಆಯ್ದ ವಸ್ತುಗಳ ದೊಡ್ಡ ಸಂಗ್ರಹ ಮದರಾಸಿನ ವಸ್ತುಸಂಗ್ರಹಾಲಯ ಸೇರಿತು. ನೆಲದ ಮೇಲೆ ಸಿಕ್ಕಿದ್ದನ್ನು ಆಯ್ದ ಸಂಗ್ರಹವಾದ್ದರಿಂದ ಯಾವ ಚೂರು ಯಾವುದರ ಕೆಳಗಿತ್ತು ಎಂಬ ಪ್ರಶ್ನೆ ಅಲ್ಲಿ ಏಳುವಂತಿರಲಿಲ್ಲ. ಆ ಪ್ರಶ್ನೆಯನ್ನು ಮೈಸೂರು ಸಂಸ್ಥಾನದಲ್ಲಿ ಗಂಭೀರವಾಗಿ ಎತ್ತಿದವರು ಸಂಸ್ಥಾನದ ಪುರಾತತ್ತ್ವ ಇಲಾಖೆಯ ನಿರ್ದೇಶಕರೂ ಇತಿಹಾಸದ ಪ್ರಾಧ್ಯಾಪಕರೂ ಆಗಿದ್ದ ಎಂ. ಎಚ್. ಕೃಷ್ಣ. 1929ರಲ್ಲಿ ಅವರು ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಅಗೆಸಿದರು. 1940ರ ದಶಕದ ಆರಂಭದಲ್ಲಿ ಬ್ರಹ್ಮಗಿರಿಗೆ ಬಂದರು. ಬ್ರಹ್ಮಗಿರಿ ಆ ಹೊತ್ತಿಗಾಗಲೇ ಹೆಸರಾದ ಸ್ಥಳ: 1892ರಲ್ಲಿ ಬಿ. ಎಲ್. ರೈಸ್ ಅಲ್ಲಿಯೂ ಪಕ್ಕದ ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಬೆಟ್ಟದಲ್ಲಿಯೂ ಅಶೋಕನ ಶಾಸನಗಳನ್ನು ಪತ್ತೆ ಹಚ್ಚಿದ್ದರು, ಮತ್ತು ಆ ಶಾಸನಗಳು ಇಸಿಲ ಎಂಬ ಊರಿನ ಮಹಾಮಾತ್ರರನ್ನು ಉದ್ದೇಶಿಸಿ ಬರೆದವಾದ್ದರಿಂದ ಇಸಿಲ ಇಲ್ಲಿಯೇ ಇತ್ತೆಂದು ತಿಳಿದಿತ್ತು. ಶಾಸನದ ಬಂಡೆಯ ಸುತ್ತಲೇ ನುಣುಪು ಕಲ್ಲುಕೊಡಲಿಗಳೂ ದೊಡ್ಡ ಕಲ್ಲುಗಳ ಸಮಾಧಿಗಳೂ ಬಗೆಬಗೆಯ ಬೋಕಿಗಳೂ ಸಿಗುತ್ತಿದ್ದದ್ದು ಕೃಷ್ಣರನ್ನು ಸೆಳೆದಿತ್ತು. ಒಂದರ ಮೇಲೊಂದಾಗಿ ಹಲವು ಸಂಸ್ಕೃತಿಗಳು ಇಲ್ಲಿವೆ ಎಂಬುದನ್ನು ಅಗೆದು ಕಂಡವರಲ್ಲಿ ಅವರೇ ಮೊದಲಿಗರು ಎಂಬುದನ್ನು ಮುಂದಿನ ಪ್ರಸಿದ್ಧ ಉತ್ಖನನದ ನೆರಳಿನಲ್ಲಿ ಮರೆಯಬಾರದು.

ಆ ಪ್ರಸಿದ್ಧ ಉತ್ಖನನ ನಡೆದದ್ದು 1947ರಲ್ಲಿ. ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯ ಮಹಾನಿರ್ದೇಶಕ ಮಾರ್ಟಿಮರ್ ವೀಲರ್ ಎರಡು ವರ್ಷಗಳ ಹಿಂದೆ, 1945ರಲ್ಲಿ, ಪುದುಚೇರಿಯ ಬಳಿಯ ಅರಿಕಮೇಡುವಿನಲ್ಲಿ ಇಟಲಿಯಿಂದ ಬಂದ, ಮುದ್ರೆಯೊತ್ತಿದ ಕೆಂಪು ಅರೆಟೈನ್ ತಟ್ಟೆಗಳ ಚೂರುಗಳನ್ನು ಕಂಡುಕೊಂಡಿದ್ದರು. ಅರೆಟೈನ್ ಮಡಕೆ ಯೂರೋಪಿನಲ್ಲಿ ಯಾವಾಗ ತಯಾರಾಯಿತು, ಯಾವಾಗ ನಿಂತಿತು ಎಂಬುದು ಅಲ್ಲಿನ ವಿದ್ವಾಂಸರಿಗೆ ನಿಖರವಾಗಿ ತಿಳಿದಿದ್ದುದರಿಂದ, ಅದರ ಜೊತೆಗೆ ಸಿಕ್ಕ ಭಾರತೀಯ ಮಡಕೆಗಳಿಗೂ ಕ್ರಿಸ್ತಶಕದ ಮೊದಲ ಶತಮಾನದ ದಿನಾಂಕ ಸಿಕ್ಕಿತು. ಅವುಗಳಲ್ಲಿ ಒಂದು, ತಟ್ಟೆಯ ಒಳತಳದಲ್ಲಿ ಹಲ್ಲುಗಾಲಿಯನ್ನು ಉರುಳಿಸಿದಂತೆ ಸಣ್ಣ ಗೀರುಗಳ ಸುತ್ತುಪಟ್ಟಿಗಳಿರುವ, ನಯವಾದ, ಲೋಹದಂಥ ದನಿಯ ರೌಲೆಟೆಡ್ ಮಡಕೆ. ದಕ್ಷಿಣ ಭಾರತದ ಒಳನಾಡಿನಲ್ಲಿ ಈ ರೌಲೆಟೆಡ್ ಚೂರು ಎಲ್ಲಿ ಸಿಗುವುದೋ ಅಲ್ಲಿಂದ ಕೆಳಗಿನ ಪದರಗಳನ್ನು ಲೆಕ್ಕ ಹಾಕುತ್ತ ಹೋದರೆ ದಕ್ಷಿಣದ ಇತಿಹಾಸಪೂರ್ವ ಕಾಲವನ್ನು ರೋಮಿನ ಕ್ಯಾಲೆಂಡರಿಗೆ ಬಿಗಿಯಬಹುದು ಎಂಬುದು ವೀಲರರ ಯೋಜನೆ. ಅದಕ್ಕಾಗಿ ಅವರು ಆರಿಸಿಕೊಂಡದ್ದು ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಗಳನ್ನು. ನೆಲವನ್ನು ಚೌಕಗಳಾಗಿ ಗುರುತಿಸಿ, ಚೌಕಗಳ ನಡುವೆ ಅಗೆಯದ ಗೋಡೆಗಳನ್ನು ಉಳಿಸಿ, ಆ ಗೋಡೆಗಳ ಮೈಮೇಲೆ ಕಾಣುವ ಪದರಗಳ ಗೆರೆಗಳನ್ನು ಅಳತೆಗೆ ಬರೆದು, ಪ್ರತಿ ಚೂರೂ ಯಾವ ಪದರದ್ದೆಂದು ಚೀಟಿ ಹಚ್ಚುವ ವಿಧಾನವನ್ನು ಅವರು ಇಲ್ಲಿ ನಡೆಸಿದರು. ವರದಿ ಮರುವರ್ಷವೇ ಸರ್ವೇಕ್ಷಣೆಯ ‘ಏನ್ಶಿಯಂಟ್ ಇಂಡಿಯಾ’ ಪತ್ರಿಕೆಯ ನಾಲ್ಕನೆಯ ಸಂಚಿಕೆಯಲ್ಲಿ ಬಂತು; ಅಗೆದು ಹತ್ತಿಪ್ಪತ್ತು ವರ್ಷವಾದರೂ ವರದಿ ಬಾರದ ನೆಲೆಗಳು ನಮ್ಮಲ್ಲಿ ಇರುವುದನ್ನು ನೆನೆದರೆ ಈ ಶಿಸ್ತನ್ನಾದರೂ ಮೆಚ್ಚಬೇಕು.

ಬ್ರಹ್ಮಗಿರಿಯ ವಾಸದ ನೆಲೆಯಲ್ಲಿ ಮೂರು ಸಂಸ್ಕೃತಿಗಳು ಕಂಡವು. ಎಲ್ಲಕ್ಕಿಂತ ಕೆಳಗೆ, ನುಣುಪು ಕಲ್ಲುಕೊಡಲಿ ಮತ್ತು ಕಿರುಶಿಲಾ ಅಲಗುಗಳ ಜೊತೆಗೆ, ಕೈಯಿಂದ ಮಾಡಿದ ಒರಟು ಬೂದುಬಣ್ಣದ ಮಡಕೆಗಳು; ಇದನ್ನು ವೀಲರ್ ಬ್ರಹ್ಮಗಿರಿಯ ಕಲ್ಲುಕೊಡಲಿ ಸಂಸ್ಕೃತಿ ಎಂದರು. ಅದನ್ನೇ ಎರಡು ಹಂತಗಳಾಗಿ ಒಡೆಯುವುದಕ್ಕೂ ಮಡಕೆಯೇ ಆಧಾರವಾಯಿತು: ಮೊದಲ ಹಂತದಲ್ಲಿ ಕಾಣುವ ಕೆಲವೇ ಚಿತ್ರಿತ ಮತ್ತು ಗೀರುಚಿತ್ತಾರದ ಚೂರುಗಳು ಎರಡನೆಯ ಹಂತದಲ್ಲಿ ಮರೆಯಾಗುತ್ತವೆ. ಕೂಸುಗಳನ್ನು ಮಡಕೆಯಲ್ಲಿಟ್ಟು ಹೂಳುತ್ತಿದ್ದ ಜನ ಅವರು. ಅದರ ಮೇಲಿನದು ಮಹಾಶಿಲಾ ಸಂಸ್ಕೃತಿ, ಎಂದರೆ ದೊಡ್ಡ ಬಂಡೆ ಮತ್ತು ಚಪ್ಪಡಿಗಳಿಂದ ಸಮಾಧಿ ಕಟ್ಟುತ್ತಿದ್ದ, ಕಬ್ಬಿಣ ಬಳಸುತ್ತಿದ್ದ ಜನರ ಕಾಲ. ಇದರ ಗುರುತು ಒಳಗೆ ಕಪ್ಪು, ಹೊರಗೆ ಕೆಂಪಾದ, ಹೊಳಪಿನ ಮಡಕೆ. ಊರಿನ ಪಕ್ಕದ ಸಮಾಧಿಗಳನ್ನೂ ವೀಲರ್ ಬಿಡಿಸಿದರು, ಮತ್ತು ಸಮಾಧಿಯೊಳಗಿನ ಕಪ್ಪು-ಕೆಂಪು ಮಡಕೆಯನ್ನು ಊರಿನ ಪದರದೊಳಗಿನ ಕಪ್ಪು-ಕೆಂಪು ಮಡಕೆಯೊಂದಿಗೆ ಸೇರಿಸಿ, ಯಾವ ಊರಿನವರು ಯಾವ ಸಮಾಧಿಯವರು ಎಂಬ ಹಳೆಯ ಗೊಂದಲವನ್ನು ಮಡಕೆಯ ಮೂಲಕವೇ ಬಿಡಿಸಿದ್ದು ಈ ಉತ್ಖನನದ ನಿಜವಾದ ಸಾಧನೆ. ಎಲ್ಲಕ್ಕೂ ಮೇಲೆ ಆಂಧ್ರ ಸಂಸ್ಕೃತಿ ಎಂದು ಅವರು ಹೆಸರಿಟ್ಟ, ಶಾತವಾಹನರ ಕಾಲದ ಪದರ. ತಿಗರಿಯ ಮೇಲೆ ಮಾಡಿದ, ಬಿಳಿ ಗೆರೆಗಳ ಚಿತ್ತಾರದ ಮೇಲೆ ಜಾಜಿನ ಲೇಪ ಹಾಕಿದ ಮಡಕೆಯೂ ರೌಲೆಟೆಡ್ ಚೂರುಗಳೂ ಅದರ ಲಕ್ಷಣ. ಚಂದ್ರವಳ್ಳಿಯಲ್ಲಿ ಈ ಪದರದ ಜೊತೆ ಶಾತವಾಹನರ ಮತ್ತು ರೋಮಿನ ಚಕ್ರವರ್ತಿಗಳ ನಾಣ್ಯಗಳು ಸಿಕ್ಕದ್ದು ದಿನಾಂಕವನ್ನು ಇನ್ನಷ್ಟು ಭದ್ರಗೊಳಿಸಿತು.

ಅನುಕ್ರಮ ಸರಿಯಾಗಿತ್ತು, ಇಂದಿಗೂ ಅದು ಅಲುಗಿಲ್ಲ. ಲೆಕ್ಕ ತಪ್ಪಿದ್ದು ವರ್ಷಗಳಲ್ಲಿ. ಮೇಲಿನ ಪದರವನ್ನು ಕ್ರಿಸ್ತಶಕ ಮೊದಲ ಶತಮಾನದ ನಡುವಿನಿಂದ ಮೂರನೆಯ ಶತಮಾನದವರೆಗೆ ಎಂದು ಇಟ್ಟ ವೀಲರ್, ಅದರ ಕೆಳಗಿನ ಪದರ ಕೂಡಲು ಎಷ್ಟು ಕಾಲ ಹಿಡಿದೀತು ಎಂದು ಅಂದಾಜಿಸಿ, ಮಹಾಶಿಲಾ ಸಂಸ್ಕೃತಿ ಬ್ರಹ್ಮಗಿರಿಗೆ ಬಂದದ್ದು ಕ್ರಿ.ಪೂ. 200ರ ಸುಮಾರಿಗೆ, ಕಲ್ಲುಕೊಡಲಿ ಜನ ಕ್ರಿ.ಪೂ. ಮೊದಲ ಸಹಸ್ರಮಾನದ ಆರಂಭದಿಂದ ಅಲ್ಲಿಯವರೆಗೆ ಬದುಕಿದ್ದರು ಎಂದು ತೀರ್ಮಾನಿಸಿದರು. ಈ ಲೆಕ್ಕವನ್ನು ಒಪ್ಪಿದರೆ ಅಶೋಕನ ಕಾಲದಲ್ಲಿ, ಎಂದರೆ ಕ್ರಿ.ಪೂ. ಮೂರನೆಯ ಶತಮಾನದ ನಡುವಿನಲ್ಲಿ, ಮಹಾಮಾತ್ರರಿದ್ದ, ಸುವರ್ಣಗಿರಿಯ ರಾಜಕುಮಾರನಿಂದ ಆಜ್ಞೆ ಬರುತ್ತಿದ್ದ ಇಸಿಲದ ನಿವಾಸಿಗಳು ಕಬ್ಬಿಣವನ್ನೇ ಕಾಣದ, ಕಲ್ಲುಕೊಡಲಿ ಹಿಡಿದ ಜನ ಎಂದಾಗುತ್ತದೆ. ಬಂಡೆಯ ಮೇಲಿನ ಬ್ರಾಹ್ಮಿ ಅಕ್ಷರಗಳೇ ಕೈಗೆಟುಕುವ ದೂರದಲ್ಲಿದ್ದರೂ ಆ ಅಸಂಗತಿಗಿಂತ ದೂರದ ಇಟಲಿಯ ತಟ್ಟೆಗೆ ಹೆಚ್ಚು ತೂಕ ಸಿಕ್ಕಿದ್ದು ಆ ಕಾಲದ ವಿದ್ವತ್ತಿನ ಮನೋಧರ್ಮವನ್ನು ತೋರಿಸುತ್ತದೆ. ಇನ್ನೊಂದು ಸಂಗತಿಯೂ ಇದೆ: ಕಲ್ಲುಕೊಡಲಿ ಪದರ ಮತ್ತು ಮಹಾಶಿಲಾ ಪದರಗಳ ನಡುವೆ ಎರಡೂ ಬಗೆಯ ಮಡಕೆಗಳು ಬೆರೆತಿರುವುದನ್ನು ವೀಲರ್ ತಾವೇ ದಾಖಲಿಸಿದ್ದರು. ಆದರೆ ಅವರು ಅದನ್ನು, ಕಬ್ಬಿಣ ಹಿಡಿದು ಹೊರಗಿನಿಂದ ಬಂದ ಮುಂದುವರಿದ ಜನ ಸ್ಥಳೀಯ ಹಿಂದುಳಿದ ಜನರ ಮೇಲೆ ಬಂದಿಳಿದ ಗುರುತಾಗಿ ಓದಿದರು. ಹೊಸ ಮಡಕೆ ಎಂದರೆ ಹೊಸ ಜನ ಎಂಬ ಸಮೀಕರಣ ಅಂದು ಯಾರಿಗೂ ಪ್ರಶ್ನಾರ್ಹವಾಗಿ ತೋರಲಿಲ್ಲ.

ಸುಮಾರು ಆ ಹೊತ್ತಿನಿಂದ ಮುಂದಿನ ಹದಿನೈದು ವರ್ಷಗಳಲ್ಲಿ ತುಂಗಭದ್ರೆ-ಕೃಷ್ಣಾ ಕಣಿವೆಗಳಲ್ಲಿ ಅಗೆತಗಳು ಹೆಚ್ಚಿದವು. ಬಳ್ಳಾರಿಯ ಬಳಿಯ ಸಂಗನಕಲ್ಲಿನಲ್ಲಿ ಬಿ. ಸುಬ್ಬರಾವ್, ರಾಯಚೂರು ಸೀಮೆಯ ಪಿಕ್ಲಿಹಾಳದಲ್ಲಿ ರೇಮಂಡ್ ಆಲ್ಚಿನ್, ಮಸ್ಕಿಯಲ್ಲಿ ಬಿ. ಕೆ. ಥಾಪರ್ ಕೆಲಸ ಮಾಡಿದರು. ಎಲ್ಲೆಡೆಯೂ ಬೂದು ಮಡಕೆಯ ಮೇಲೆ ಕಪ್ಪು-ಕೆಂಪು ಮಡಕೆ ಎಂಬ ಕ್ರಮ ಮರುಕಳಿಸಿತು. ಆದರೆ ತೆಲಂಗಾಣದ ಊಟ್ನೂರಿನ ಬೂದಿದಿಬ್ಬದಿಂದ ಆಲ್ಚಿನ್ ತೆಗೆದ ಇದ್ದಿಲಿನ ರೇಡಿಯೋಕಾರ್ಬನ್ ಪರೀಕ್ಷೆ ಬೂದು ಮಡಕೆಯ ಜನರನ್ನು ಒಮ್ಮೆಲೇ ಕ್ರಿ.ಪೂ. ಮೂರನೆಯ ಸಹಸ್ರಮಾನಕ್ಕೆ ಒಯ್ದಿತು. ಸತ್ತ ಸಸ್ಯ-ಪ್ರಾಣಿಗಳಲ್ಲಿನ ಒಂದು ಬಗೆಯ ಇಂಗಾಲ ಕಾಲಕ್ರಮದಲ್ಲಿ ನಿಯತ ವೇಗದಲ್ಲಿ ಕ್ಷಯಿಸುವುದನ್ನು ಅಳೆದು ವಯಸ್ಸು ಹೇಳುವ ಈ ವಿಧಾನ ಬಂದಾಗ ಅಗತ್ಯವಾಗಿದ್ದುದು, ಬೂದು ಮಡಕೆ ಮತ್ತು ಕಪ್ಪು-ಕೆಂಪು ಮಡಕೆ ಎರಡೂ ದಪ್ಪ ಪದರಗಳಲ್ಲಿ ಒಂದೇ ಕಡೆ ಸಿಗುವ, ಅವೆರಡರ ನಡುವಣ ಸಂಧಿಯಲ್ಲಿ ಇದ್ದಿಲು ಉಳಿದಿರುವ ಒಂದು ನೆಲೆ. ಅಂಥ ನೆಲೆ ಸಿಕ್ಕಿದ್ದು ಹೊನ್ನಾಳಿಯ ಪಕ್ಕದಲ್ಲಿ.

1963-64ರಲ್ಲಿ ಬಳ್ಳಾರಿ ಜಿಲ್ಲೆಯ ತೆಕ್ಕಲಕೋಟೆಯ ಗುಡ್ಡದ ವಾಸನೆಲೆಯನ್ನು ಬಿಡಿಸಿದ್ದ ಎಂ. ಎಸ್. ನಾಗರಾಜರಾವ್, 1965ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪರವಾಗಿ ಹಳ್ಳೂರಿನ ದಿಬ್ಬವನ್ನು ಕೈಗೆತ್ತಿಕೊಂಡರು. ಮುಂದೆ ಸರ್ವೇಕ್ಷಣೆಯ ಮಹಾನಿರ್ದೇಶಕರ ಪದವಿಗೇರಿದ ಈ ಕನ್ನಡಿಗ ವಿದ್ವಾಂಸರ ಹಳ್ಳೂರು ವರದಿ, ತುಂಗಭದ್ರಾ ಕಣಿವೆಯ ಇತಿಹಾಸಪೂರ್ವ ಸಂಸ್ಕೃತಿಗಳನ್ನು ಕುರಿತ ಗ್ರಂಥವಾಗಿ, 1971ರಲ್ಲಿ ಪ್ರಕಟವಾಯಿತು. ಬ್ರಹ್ಮಗಿರಿ, ತೆಕ್ಕಲಕೋಟೆ, ಪಿಕ್ಲಿಹಾಳಗಳೆಲ್ಲ ಬೆಣಚು-ಗ್ರಾನೈಟ್ ಗುಡ್ಡಗಳ ಮಡಿಲಿನ, ಮಳೆ ಕಡಿಮೆಯ ಬಯಲು ನೆಲೆಗಳು. ಹಳ್ಳೂರಾದರೋ ಹೊಳೆಯ ದಂಡೆಯ ಮೇಲೆ, ಮಲೆನಾಡಿಗೆ ಸಮೀಪದಲ್ಲಿ, ಸವಳಂಗ-ನ್ಯಾಮತಿಗಳಂತೆಯೇ ಎರಡು ಹವಾಮಾನಗಳ ನಡುವೆ ಇದೆ. ಆದ್ದರಿಂದ ಇಲ್ಲಿನ ಮಡಕೆ ಬಳ್ಳಾರಿಯದರ ತದ್ರೂಪವೇ ಎಂಬುದೇ ಒಂದು ಪ್ರಶ್ನೆಯಾಗಿತ್ತು, ಮತ್ತು ಕೆಳಗಿನ ಪದರಗಳಲ್ಲಿ ಸಿಕ್ಕ ಉತ್ತರ ಬಹುಮಟ್ಟಿಗೆ ಹೌದು ಎಂಬುದು.

ಹಳ್ಳೂರಿನ ಮೊದಲ ಕಾಲಘಟ್ಟ ನವಶಿಲಾಯುಗದ್ದು, ಎಂದರೆ ಕಲ್ಲನ್ನು ಉಜ್ಜಿ ನುಣುಪಾಗಿಸಿ ಆಯುಧ ಮಾಡುತ್ತ, ದನಕರು ಸಾಕುತ್ತ, ಬೇಸಾಯಕ್ಕಿಳಿದ ಜನರದ್ದು. ಬೊಂಬು-ತಡಿಕೆಗೆ ಮಣ್ಣು ಮೆತ್ತಿದ ದುಂಡು ಗುಡಿಸಲುಗಳಲ್ಲಿ ಅವರು ಬದುಕಿದ್ದರು. ಅವರ ಮಡಕೆಯನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಚೂರನ್ನು ಅಡ್ಡಲಾಗಿ ಮುರಿದರೆ ಒಳಗೆ ಮರಳಿನ ಸಣ್ಣ ಹರಳುಗಳು ಬೆರೆತ ಜೇಡಿ ಕಾಣುತ್ತದೆ. ಸುಡುವಾಗ ಸೀಳದಿರಲೆಂದು ಬೆರೆಸುವ ಹದ ಅದು. ಒಳಮೈ ಒಂದೇ ಸಮನಾಗಿರದೆ ಅಲ್ಲಲ್ಲಿ ಬೆರಳಿನ ತಗ್ಗುಗಳಿರುತ್ತವೆ, ತಿಗರಿ ರಭಸದಿಂದ ತಿರುಗಿದಾಗ ಮೂಡುವ ಸಮಾನಾಂತರ ಗೆರೆಗಳಿರುವುದಿಲ್ಲ. ಕೈಯಿಂದ ಕಟ್ಟಿ, ಕೆಲವೊಮ್ಮೆ ನಿಧಾನವಾಗಿ ತಿರುಗಿಸಬಹುದಾದ ಹಲಗೆಯ ಮೇಲಿಟ್ಟು ಆಕಾರ ಕೊಟ್ಟದ್ದರ ಸಾಕ್ಷಿ ಇದು. ಅರೆ ಒಣಗಿದ ಮೈಯನ್ನು ನುಣ್ಣನೆಯ ಗುಂಡುಕಲ್ಲಿನಿಂದ ಉಜ್ಜಿದ ಉದ್ದುದ್ದ ಗೀರುಗಳು ಹೊರಮೈಯಲ್ಲಿ ಮಿನುಗುತ್ತವೆ. ಗಾಳಿಯಾಡದಂತೆ ಮುಚ್ಚಿ, ಕಡಿಮೆ ಶಾಖದಲ್ಲಿ ಸುಟ್ಟಿದ್ದರಿಂದ ಬಣ್ಣ ಬೂದು, ಕೆಲವೆಡೆ ಕಂದು. ಸುಟ್ಟು ತೆಗೆದ ಮೇಲೆ ಕೆಲವು ಮಡಕೆಗಳ ತುಟಿಗೆ ಕೆಮ್ಮಣ್ಣಿನ ಪಟ್ಟಿ ಬಳಿದಿದ್ದಾರೆ. ಸುಡುವ ಮೊದಲು ಬಳಿದ ಬಣ್ಣ ಮೈಯಲ್ಲಿ ಒಂದಾಗುತ್ತದೆ, ಆಮೇಲೆ ಬಳಿದದ್ದು ತೊಳೆದರೆ ಹೋಗುತ್ತದೆ, ಆದ್ದರಿಂದ ಅಗೆದ ಚೂರುಗಳನ್ನು ಉಜ್ಜಿ ತೊಳೆಯುವ ಕೂಲಿಯಾಳಿನ ಉತ್ಸಾಹದಿಂದ ಈ ಪಟ್ಟಿ ಎಷ್ಟು ಕಡೆ ಅಳಿದಿದೆಯೋ ಹೇಳಲಾಗದು. ಆಕಾರಗಳಲ್ಲಿ ದುಂಡುಹೊಟ್ಟೆಯ ಗಡಿಗೆ, ಅಗಲಬಾಯಿಯ ಬೋಗುಣಿ, ತುಟಿಯಲ್ಲಿ ಕೊಳವೆಯಂತೆ ತೆರೆದ ಮೂತಿಯಿರುವ ಪಾತ್ರೆ, ತಳದಲ್ಲಿ ತೂತುಗಳಿರುವ ಸೋಸುಪಾತ್ರೆ ಈ ಸಂಸ್ಕೃತಿಯುದ್ದಕ್ಕೂ ಸಾಮಾನ್ಯ. ಮೂತಿಯ ಪಾತ್ರೆ ಹಾಲು-ಮಜ್ಜಿಗೆಗೆ, ತೂತಿನದು ಹಬೆಯಲ್ಲಿ ಬೇಯಿಸಲು ಅಥವಾ ಸೋಸಲು ಎಂದು ಊಹೆಗಳಿವೆ. ದನಗಾಹಿ ಜನರ ಅಡುಗೆಮನೆಯಲ್ಲಿ ಎರಡೂ ಸಲ್ಲುತ್ತವೆ.

ಈ ಮೊದಲ ಕಾಲಘಟ್ಟದ ಎರಡನೆಯ ಹಂತದಲ್ಲಿ ಬೂದು ಮಡಕೆ ಮುಂದುವರಿದಿರುವಾಗಲೇ ಸಣ್ಣ ತಾಮ್ರದ ಕೊಡಲಿ, ಮೀನುಗಾಳದಂಥ ವಸ್ತುಗಳೂ ಕಲ್ಲಿನ ಅಲಗುಗಳೂ ಕಾಣಿಸಿಕೊಳ್ಳುತ್ತವೆ. ತಾಮ್ರ ಈ ನೆಲಕ್ಕೆ ಹೊರಗಿನಿಂದ ಬರಬೇಕಾದ ವಸ್ತು. ಇದೇ ಕಾಲದ ತೆಕ್ಕಲಕೋಟೆಯಲ್ಲಿ, ಮಹಾರಾಷ್ಟ್ರದ ಜೋರ್ವೆ ಸಂಸ್ಕೃತಿಯದನ್ನು ಹೋಲುವ, ಕೆಂಪು ಮೈಮೇಲೆ ಕಪ್ಪು ಗೆರೆಯ, ತಿಗರಿಯ ಮೇಲೆ ಮಾಡಿದ ಮಡಕೆಯ ಚೂರುಗಳು ಸ್ಥಳೀಯ ಬೂದು ಮಡಕೆಯ ನಡುವೆ ಸಿಕ್ಕಿವೆ. ಉತ್ತರದ ಮಡಕೆ ಬಂದಿತೆಂದು ಉತ್ತರದ ಜನ ಬಂದು ನೆಲೆಸಿದರೆಂದು ಇಲ್ಲಿ ಯಾರೂ ಹೇಳಲಿಲ್ಲ, ಏಕೆಂದರೆ ಚೂರುಗಳು ಕೆಲವೇ; ವಿನಿಮಯ ಎಂದರೆ ಸಾಕಾಯಿತು. ಅದೇ ವಿವೇಕವನ್ನು ಕಪ್ಪು-ಕೆಂಪು ಮಡಕೆಯ ವಿಷಯದಲ್ಲಿಯೂ ತೋರಿಸುವುದಕ್ಕೆ ಹಳ್ಳೂರಿನ ಎರಡನೆಯ ಕಾಲಘಟ್ಟ ಬೇಕಾಯಿತು.

ಆ ಎರಡನೆಯ ಕಾಲಘಟ್ಟವನ್ನು ನಾಗರಾಜರಾವ್ ನವಶಿಲಾಯುಗ ಮತ್ತು ಮಹಾಶಿಲಾ ಸಂಸ್ಕೃತಿಗಳ ಸಂಧಿಕಾಲವೆಂದು ಗುರುತಿಸಿದರು. ಹಳೆಯ ಬೂದು ಮಡಕೆಗಳೂ ಕಲ್ಲಿನ ಉಪಕರಣಗಳೂ ಇನ್ನೂ ಬಳಕೆಯಲ್ಲಿರುವಾಗಲೇ ಅದೇ ಪದರಗಳಲ್ಲಿ ಕಪ್ಪು-ಕೆಂಪು ಮಡಕೆ, ಪೂರ್ತಿ ಕಪ್ಪು ಮಡಕೆ, ಬಾಣದ ಮೊನೆಗಳಂಥ ಕಬ್ಬಿಣದ ವಸ್ತುಗಳು ಜೊತೆಗೂಡಿ ಬರುತ್ತವೆ. ಇಷ್ಟೇ ಆಗಿದ್ದರೆ ಬ್ರಹ್ಮಗಿರಿಯ ಸಂಧಿಗೆ ಇನ್ನೊಂದು ಉದಾಹರಣೆ ಸೇರಿದಂತಾಗುತ್ತಿತ್ತು. ಆದರೆ ಹಳ್ಳೂರಿನಲ್ಲಿ ಬ್ರಹ್ಮಗಿರಿಯಲ್ಲಿಲ್ಲದ ಒಂದು ಮಡಕೆ ಸಿಕ್ಕಿತು: ಕಪ್ಪು-ಕೆಂಪು ಮೈಮೇಲೆ ಬಿಳಿಯ ಬಣ್ಣದಲ್ಲಿ ಗೆರೆಗಳನ್ನೆಳೆದ ಚಿತ್ರಿತ ಮಡಕೆ. ಹಿರೇಕೆರೂರು ಸೀಮೆಯದೇ ಆದ ತಡಕನಹಳ್ಳಿಯ ಸಮಾಧಿಗಳಲ್ಲಿಯೂ ಈ ಬಗೆಯ ಮಡಕೆ ಕಂಡುಬಂದಿದ್ದು, ಮಹಾಶಿಲಾ ಮಡಕೆಗಳಲ್ಲಿಯೇ ಇದು ಆರಂಭದ ಹಂತದ್ದೆಂಬ ಅಭಿಪ್ರಾಯ ಮೂಡಿತು. ಎಂದರೆ ತುಂಗಭದ್ರೆಯ ಮೇಲ್ಕಣಿವೆಯ ಈ ಸಣ್ಣ ವಲಯ, ಎಲ್ಲಿಂದಲೋ ಬಂದ ಮಹಾಶಿಲಾ ಸಂಸ್ಕೃತಿಯನ್ನು ಕೊನೆಗೆ ಪಡೆದ ಮೂಲೆಯಲ್ಲ, ಅದು ರೂಪ ತಳೆದ ಮೊದಲ ನೆಲೆಗಳಲ್ಲಿ ಒಂದು.

ಕಪ್ಪು-ಕೆಂಪು ಎರಡೂ ಬಣ್ಣ ಒಂದೇ ಮಡಕೆಗೆ ಹೇಗೆ ಬರುತ್ತದೆ ಎಂಬುದು ಕುಂಬಾರಿಕೆಯ ಕುತೂಹಲದ ಪ್ರಶ್ನೆ. ಜೇಡಿಯಲ್ಲಿರುವ ಕಬ್ಬಿಣದ ಅಂಶ ಗಾಳಿ ಸಿಕ್ಕರೆ ಕೆಂಪಾಗುತ್ತದೆ, ಗಾಳಿ ಸಿಗದೆ ಹೊಗೆ ಕುಡಿದರೆ ಕಪ್ಪಾಗುತ್ತದೆ. ಮಡಕೆಯನ್ನು ಆವಿಗೆಯಲ್ಲಿ ಬೋರಲು ಹಾಕಿ, ಬಾಯಿ ಮತ್ತು ಒಳಭಾಗ ಹುಲ್ಲು-ಹೊಟ್ಟಿನೊಳಗೆ ಮುಚ್ಚಿಹೋಗುವಂತೆ ಮಾಡಿ, ಹೊರಹೊಟ್ಟೆಗೆ ಮಾತ್ರ ಗಾಳಿ ಬಿಟ್ಟರೆ ಒಳಗೆ ಮತ್ತು ತುಟಿಯ ಸುತ್ತ ಕಪ್ಪು, ಹೊರಗೆ ಕೆಂಪು ಬರುತ್ತದೆ. ಒಂದೇ ಸುಡುವಿಕೆಯಲ್ಲಿ ಹೀಗೆ ಮಾಡಿದರೇ ಅಥವಾ ಮೊದಲು ಸುಟ್ಟು ಆಮೇಲೆ ಎರಡನೆಯ ಬಾರಿ ಬೇರೆ ವಿಧಾನದಲ್ಲಿ ಸುಟ್ಟರೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಎರಡರಲ್ಲಿ ಯಾವುದೇ ಇರಲಿ, ಬೆಂಕಿಯ ಮೇಲೆ ಹಿಡಿತ ಬೇಕು. ಅದೇ ಹೊತ್ತಿನಲ್ಲಿ, ಅದೇ ಪದರದಲ್ಲಿ, ಕಬ್ಬಿಣ ಕಾಣಿಸಿಕೊಳ್ಳುವುದು ಆಕಸ್ಮಿಕವಾಗಿರಲಾರದು: ಅದಿರಿನಿಂದ ಕಬ್ಬಿಣ ಬಿಡಿಸುವುದೆಂದರೂ ಕುಲುಮೆಯೊಳಗಿನ ಗಾಳಿಯನ್ನು ಹದದಲ್ಲಿಡುವುದೇ, ಮತ್ತು ಧಾರವಾಡ ಶಿಲಾಪಟ್ಟಿಯ ಈ ನೆಲದಲ್ಲಿ ಕಬ್ಬಿಣದ ಅದಿರಿಗೆ ಬರವಿಲ್ಲ. ಕಪ್ಪು-ಕೆಂಪು ಮಡಕೆ ಒಂದು ಜನಾಂಗದ ಸೊತ್ತಲ್ಲ ಎಂಬುದಕ್ಕೆ ಬೇರೆ ಪುರಾವೆಯೂ ಇದೆ. ಗುಜರಾತಿನ ಲೋಥಲ್‌ನಲ್ಲಿ, ರಾಜಸ್ಥಾನದ ಆಹಾರ್ ಎಂಬ ನೆಲೆಯಲ್ಲಿ ಕಬ್ಬಿಣವಿಲ್ಲದ, ಮಹಾಶಿಲಾ ಸಮಾಧಿಗಳಿಲ್ಲದ ಕಾಲದಲ್ಲಿಯೇ ಅದು ಬಳಕೆಯಲ್ಲಿತ್ತು. ಒಂದು ತಂತ್ರ ಹಲವು ಸಮುದಾಯಗಳ ಕೈ ಹಿಡಿಯಬಲ್ಲದು.

ಹಳ್ಳೂರಿನ ಸಂಧಿಪದರದ ಇದ್ದಿಲನ್ನು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಪ್ರಯೋಗಾಲಯ ಪರೀಕ್ಷಿಸಿದಾಗ ಬಂದ ಫಲ ಕ್ರಿ.ಪೂ. 1000ದ ಆಸುಪಾಸಿನದು. ದಕ್ಷಿಣ ಭಾರತಕ್ಕೆ ಕಬ್ಬಿಣ ಬಂದದ್ದು ಕ್ರಿಸ್ತಪೂರ್ವದ ಕೊನೆಯ ಕೆಲವು ಶತಮಾನಗಳಲ್ಲಿ ಎಂದು ನಂಬಿದ್ದವರಿಗೆ ಇದು ಏಳೆಂಟು ನೂರು ವರ್ಷಗಳ ವ್ಯತ್ಯಾಸ. ವಾತಾವರಣದಲ್ಲಿನ ಇಂಗಾಲದ ಏರಿಳಿತಕ್ಕೆ ತಕ್ಕಂತೆ ಇಂಥ ಫಲಿತಾಂಶಗಳನ್ನು ತಿದ್ದುವ ಕ್ರಮ ಬಂದ ಮೇಲೆ ಅದು ಇನ್ನೂ ಹಿಂದಕ್ಕೆ ಸರಿಯಿತು. ನವಶಿಲಾಯುಗದ ಪದರಗಳು ಕ್ರಿ.ಪೂ. ಎರಡನೆಯ ಸಹಸ್ರಮಾನದ ಮೊದಲ ಅರ್ಧಕ್ಕೆ ಹೋದವು. ಇಸಿಲದ ಅಸಂಗತಿ ತಾನಾಗಿ ಬಗೆಹರಿಯಿತು: ಅಶೋಕನ ಆಜ್ಞೆ ಬ್ರಹ್ಮಗಿರಿಯ ಬಂಡೆಗೇರುವ ಹೊತ್ತಿಗೆ ಅಲ್ಲಿನ ಜನ ಕಬ್ಬಿಣ ಬಳಸತೊಡಗಿ ಹಲವು ಶತಮಾನಗಳೇ ಕಳೆದಿದ್ದವು. ಅತ್ತ ವೀಲರರ ಗೂಟವೂ ಸಡಿಲವಾಯಿತು. ರೋಮಿನದೆಂದೋ ರೋಮಿನ ಪ್ರಭಾವದ್ದೆಂದೋ ತಿಳಿದಿದ್ದ ರೌಲೆಟೆಡ್ ಮಡಕೆ ಭಾರತದಲ್ಲಿಯೇ ತಯಾರಾದದ್ದೆಂದೂ, ಅರೆಟೈನ್ ತಟ್ಟೆಗಳು ಬರುವುದಕ್ಕೆ ಮೊದಲೇ ಬಳಕೆಯಲ್ಲಿತ್ತೆಂದೂ ಮುಂದಿನ ಸಂಶೋಧನೆಗಳು ತೋರಿಸಿದವು.

ದಿನಾಂಕಕ್ಕಿಂತ ಮುಖ್ಯವಾದದ್ದು ಸಂಧಿಪದರದ ಅರ್ಥ. ಹೊರಗಿನಿಂದ ದಂಡೆತ್ತಿ ಬಂದವರು ಹಳಬರನ್ನು ಓಡಿಸಿದ್ದರೆ ದಿಬ್ಬದಲ್ಲಿ ಒಂದು ಪದರ ಬೂದಿಯೋ, ಜನವಸತಿಯಿಲ್ಲದ ಬರಿಮಣ್ಣೋ ಇದ್ದು, ಅದರಾಚೆ ಹೊಸ ಮಡಕೆ ಮಾತ್ರ ಕಾಣಬೇಕಿತ್ತು. ಹಳ್ಳೂರಿನಲ್ಲಿ ಹಾಗಿಲ್ಲ, ಅದೇ ದಿಬ್ಬದ ಮೇಲೆ ವಸತಿ ಮುಂದುವರಿಯುತ್ತದೆ, ಬೂದು ಗಡಿಗೆಯೂ ಕಪ್ಪು-ಕೆಂಪು ಬೋಗುಣಿಯೂ ಒಂದೇ ಕಾಲದಲ್ಲಿ ಒಡೆದು ಒಂದೇ ಕಸದಲ್ಲಿ ಬೀಳುತ್ತವೆ. ಹೊಸ ಮಡಕೆಗಳಲ್ಲಿ ಮೊದಲು ಹೆಚ್ಚಾಗುವುದು ಊಟಕ್ಕೂ ಸಮಾಧಿಗೂ ಸಲ್ಲುವ ಬೋಗುಣಿ-ತಟ್ಟೆಗಳು ಎಂಬುದನ್ನು ಗಮನಿಸಿದರೆ, ಬದಲಾದದ್ದು ಜನ ಎನ್ನುವುದಕ್ಕಿಂತ ಉಣ್ಣುವ, ಸತ್ತವರನ್ನು ಕಳಿಸಿಕೊಡುವ ರೀತಿ ಎನ್ನುವುದು ಹೆಚ್ಚು ಸರಿಯೆನಿಸುತ್ತದೆ. ಹೊಸಬರು ಯಾರೂ ಬರಲೇ ಇಲ್ಲವೆಂದು ಇದರಿಂದ ಸಿದ್ಧವಾಗುವುದಿಲ್ಲ. ಬಂದರೂ ಅವರು ಹಳಬರ ಪಕ್ಕದಲ್ಲಿಯೇ ಒಲೆ ಹೂಡಿದರು ಎಂಬುದಷ್ಟೇ ಮಡಕೆ ಕೊಡುವ ಸಾಕ್ಷ್ಯ.

ಹಳ್ಳೂರಿನ ವಿಷಯದಲ್ಲಿ ಮಡಕೆಗಿಂತ ಹೆಚ್ಚು ಗದ್ದಲವೆಬ್ಬಿಸಿದ್ದು ಎಲುಬು. ಪ್ರಾಣಿಗಳ ಎಲುಬುಗಳನ್ನು ಪರಿಶೀಲಿಸಿದ ಕೆ. ಆರ್. ಆಲೂರ್ ಅವುಗಳಲ್ಲಿ ಕುದುರೆಯದೂ ಇದೆಯೆಂದು ಗುರುತಿಸಿದ್ದು, ಆರ್ಯರ ಆಗಮನದ ವಾದವಿವಾದಕ್ಕೆ ಸಿಕ್ಕಿ, ಕೆಲವೇ ಎಲುಬುಗಳ ಮೇಲೆ ಅವು ಹೊರಲಾರದಷ್ಟು ಭಾರ ಬಿದ್ದಿತು. ಆ ವಿವಾದದಲ್ಲಿ ಕಳೆದ ಶಾಯಿಯ ಅರ್ಧವಾದರೂ ಇಲ್ಲಿನ ಬೋಕಿಗಳಿಗೆ ಸಂದಿದ್ದರೆ ಒಳ್ಳೆಯದಿತ್ತು. 1990ರ ದಶಕದ ಕೊನೆಯಿಂದ ರವಿ ಕೋರಿಶೆಟ್ಟರ್ ಮತ್ತು ಡೋರಿಯನ್ ಫುಲ್ಲರ್ ಮೊದಲಾದವರು ಹಳ್ಳೂರಿನ ಮಣ್ಣನ್ನು ನೀರಿನಲ್ಲಿ ತೇಲಿಸಿ ಸುಟ್ಟ ಕಾಳುಗಳನ್ನು ಬೇರ್ಪಡಿಸಿದ್ದು ಹೆಚ್ಚು ಫಲಕಾರಿಯಾದ ಕೆಲಸ. ದಕ್ಷಿಣದ ನವಶಿಲಾಯುಗದ ಜನರ ಮುಖ್ಯ ಬೆಳೆ ಹುರುಳಿ, ಹೆಸರು ಮತ್ತು ಕೊರಲೆಯ ಜಾತಿಯ ಕಿರುಧಾನ್ಯಗಳೆಂದು ಆಗ ಸ್ಪಷ್ಟವಾಯಿತು. ಆಫ್ರಿಕ ಮೂಲದ ಸಜ್ಜೆ ಮತ್ತು ಅವರೆ ಹಳ್ಳೂರಿನಲ್ಲಿ ಆಮೇಲೆ ಸೇರುತ್ತವೆ. ಮೊದಲ ವರದಿಯಲ್ಲಿ ವಿಷ್ಣು ಮಿತ್ರೆ ರಾಗಿಯೆಂದು ಗುರುತಿಸಿದ್ದ ಕಾಳಿನ ಬಗ್ಗೆ ಫುಲ್ಲರ್ ಅನುಮಾನ ವ್ಯಕ್ತಪಡಿಸಿದ್ದಾರೆ. ಮುದ್ದೆಯ ನಾಡಿನ ಓದುಗರಿಗೆ ಇದು ನಿರಾಶೆ ತರಬಹುದು. ಮಡಕೆಗೂ ಈ ಕಾಳುಗಳಿಗೂ ನೇರ ನಂಟಿದೆ. ದುಂಡುಹೊಟ್ಟೆಯ ಗಡಿಗೆ ಹುರುಳಿ-ಹೆಸರನ್ನು ನೀರಿನಲ್ಲಿ ಬಹಳ ಹೊತ್ತು ಬೇಯಿಸುವುದಕ್ಕೂ, ಅಗಲಬಾಯಿಯ ಬೋಗುಣಿ ಅಂಬಲಿಯಂಥ ತೆಳು ಊಟಕ್ಕೂ ಹೇಳಿ ಮಾಡಿಸಿದಂತಿವೆ, ಮತ್ತು ಪಾತ್ರೆಯ ಆಕಾರ ಬದಲಾಗುವುದನ್ನು ಬೆಳೆ ಬದಲಾಗುವುದರ ಜೊತೆಗಿಟ್ಟು ನೋಡುವ ಕೆಲಸ ಈಚಿನದು.

ಮಡಕೆಗೆ ತನ್ನದೇ ವಯಸ್ಸನ್ನು ಹೇಳುವ ಶಕ್ತಿ ಬಂದದ್ದು ಉಷ್ಣದೀಪ್ತಿ ವಿಧಾನದಿಂದ. ಜೇಡಿಯಲ್ಲಿನ ಬೆಣಚಿನ ಹರಳುಗಳು ಸುತ್ತಲ ಮಣ್ಣಿನ ವಿಕಿರಣವನ್ನು ಕಾಲಕ್ರಮದಲ್ಲಿ ಕೂಡಿಟ್ಟುಕೊಳ್ಳುತ್ತವೆ. ಮಡಕೆ ಸುಟ್ಟಾಗ ಆ ಸಂಗ್ರಹ ಶೂನ್ಯಕ್ಕಿಳಿದು ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಪ್ರಯೋಗಾಲಯದಲ್ಲಿ ಚೂರನ್ನು ಮತ್ತೆ ಕಾಯಿಸಿದರೆ ಕೂಡಿಟ್ಟ ಶಕ್ತಿ ಬೆಳಕಾಗಿ ಹೊರಬರುತ್ತದೆ, ಆ ಬೆಳಕಿನ ಪ್ರಮಾಣದಿಂದ ಸುಟ್ಟು ಎಷ್ಟು ಕಾಲವಾಯಿತೆಂದು ಲೆಕ್ಕ ಹಾಕಬಹುದು. ಇದ್ದಿಲು ಚೂರಿನ ಪಕ್ಕದಲ್ಲಿ ಸಿಕ್ಕದ್ದರಿಂದ ಚೂರಿನ ಕಾಲವನ್ನು ಊಹಿಸುವ ಬಳಸುದಾರಿ ಇಲ್ಲಿ ಬೇಕಿಲ್ಲ. ಆಗ ಶಿವಮೊಗ್ಗ ಜಿಲ್ಲೆಗೆ ಸೇರಿದ್ದ ಕೊಮಾರನಹಳ್ಳಿಯ ಮಹಾಶಿಲಾ ಸಮಾಧಿಗಳ ಮಡಕೆಗಳನ್ನು ಹೀಗೆ ಪರೀಕ್ಷಿಸಿದಾಗ ಅವು ಕ್ರಿ.ಪೂ. ಎರಡನೆಯ ಸಹಸ್ರಮಾನದ ಕೊನೆಯ ಶತಮಾನಗಳವೆಂದು ತಿಳಿದುಬಂತು. ಆ ಸಮಾಧಿಗಳಲ್ಲಿ ಸಿಕ್ಕ ಕಬ್ಬಿಣದ ವಸ್ತುಗಳು ಗಾತ್ರದಲ್ಲಿ ದೊಡ್ಡವು. ಕಮ್ಮಾರಿಕೆಯಲ್ಲಿ ಆಗಲೇ ಕೈ ಪಳಗಿದವರು ಮಾಡಿದಂಥವು. ಹಳ್ಳೂರಿನ ವಾಸದ ದಿಬ್ಬ ಹೇಳಿದ್ದನ್ನು ಅದೇ ಕಣಿವೆಯ ಸಮಾಧಿಗಳು ಬೇರೆ ವಿಧಾನದಲ್ಲಿ, ಬೇರೆ ಪ್ರಯೋಗಾಲಯದಲ್ಲಿ ಸಮರ್ಥಿಸಿದವು. ಈಗ ಪ್ರಶ್ನೆ ಕಬ್ಬಿಣ ಎಷ್ಟು ಹಳೆಯದೆಂಬುದಲ್ಲ, ಹೊನ್ನಾಳಿ-ಹಿರೇಕೆರೂರು ಸೀಮೆಯಲ್ಲಿ ಇಷ್ಟು ಬೇಗ ಕಾಣಿಸಿಕೊಂಡ ಬಿಳಿಗೆರೆಯ ಕಪ್ಪು-ಕೆಂಪು ಮಡಕೆ ಪೂರ್ವದ ಬ್ರಹ್ಮಗಿರಿಯವರೆಗೆ ಏಕೆ ಹಬ್ಬಲಿಲ್ಲ ಎಂಬುದು. ಅದಕ್ಕೆ ಉತ್ತರ ಸಿಗಬೇಕಾದರೆ ಎರಡರ ನಡುವಿನ ಚನ್ನಗಿರಿ, ಜಗಳೂರು ಸೀಮೆಗಳಲ್ಲಿ ಹಳ್ಳೂರಿನಂತೆಯೇ ಎರಡೂ ಮಡಕೆಗಳು ಪದರಗಟ್ಟಿರುವ ಒಂದು ವಾಸದ ದಿಬ್ಬವನ್ನು ಮೇಲಿನಿಂದ ಬುಡದವರೆಗೆ ಬಿಡಿಸಬೇಕು.